ಎಳೆದ ದಾರ

ನಮ್ಮ ಮನೆಯ ನಡುಕೋಣೆಯಲ್ಲಿ ಹಲಸಿನ ಮರದ ಒಂದು ಪುಸ್ತಕದ ಕಪಾಟು ಇದೆ. ಅದರ ಆರೂ ಹಲಗೆಗಳು ನೇರವಾಗಿವೆ. ಇಷ್ಟನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನನ್ನ ಎಡಗಣ್ಣಿನ ನಡುನೋಟ ಹೋಯಿತು. ಕಪಾಟು ಮಾಡಿಕೊಟ್ಟವರ ನೆಮ್ಮದಿಯೂ ಹೋಯಿತು. ಅವರ ನೆಮ್ಮದಿ ವಾಪಸ್ಸು ಬಂತು. ಕಣ್ಣಿನದು ಬೇರೆ ಕಥೆ.

ನನ್ನ ಕಾಯಿಲೆಯನ್ನು ಮ್ಯಾಕ್ಯುಲರ್ ಡೀಜನರೇಷನ್ ಅನ್ನುತ್ತಾರೆ. ವಯಸ್ಸಾದಂತೆ ಕಣ್ಣಿನ ಹಿಂಪರದೆಯ ನಟ್ಟನಡುವಿನ ಒಂದು ಚೂರು ಸವೆಯುತ್ತದೆ. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕೆಂದು ಹೊರಟದ್ದು ಮಾತ್ರ ಕಾಣುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಡಾಕ್ಟರು ಹೇಳುತ್ತಾರೆ. ಅವರ ಕೋಣೆಗೆ ಹೋಗುವ ಮುಂಚೆ ಏನೇನಾಯಿತು, ಹೊರಗಿನ ಬೆಂಚಿನ ಮೇಲೆ ಏನಾಯಿತು, ಮನೆಗೆ ಬಂದ ಮೇಲೆ ಏನಾಯಿತು ಎಂಬುದನ್ನು ನಾನು ಹೇಳುತ್ತೇನೆ. ಈಗ ತಾನೇ ಈ ಹೆಸರನ್ನು ಕೇಳಿಸಿಕೊಂಡು ಮನೆಗೆ ಬಂದು ಕೂತವರು ಯಾರಾದರೂ ಇದ್ದರೆ, ಇದು ಅವರಿಗೆ.

ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಇದನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ಪುಟಕ್ಕೆ ಎಂಟು ಸಾಲಿನಂತೆ ಬರೆದೆ. ನನ್ನ ಹೆಂಡತಿ ವನಜಾ ಶುದ್ಧಪ್ರತಿ ಮಾಡಿದಳು. ಮಾಡುವಾಗ ನಾಲ್ಕು ಕಡೆ ಪೆನ್ನು ನಿಲ್ಲಿಸಿ “ಹೀಗಾಗಿಲ್ಲ ರೀ” ಎಂದಳು. ಎರಡು ಕಡೆ ಅವಳ ಮಾತನ್ನು ಒಪ್ಪಿದೆ. ಉಳಿದೆರಡು ಕಡೆ ಇಬ್ಬರ ಮಾತನ್ನೂ ಇಟ್ಟಿದ್ದೇನೆ.

ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ ಬಂದು ಶಿವಮೊಗ್ಗದ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಹೇಳಿದೆ. ಅಳೆಯದೆ ಯಾವುದನ್ನೂ ಒಪ್ಪಬೇಡಿ ಎನ್ನುವುದು ನನ್ನ ಪಾಠದ ತಿರುಳು. ನನ್ನ ತಂದೆ ಕೊನೆಯ ನಾಲ್ಕು ವರ್ಷ ನನ್ನನ್ನು ಗುರುತಿಸಲಿಲ್ಲ. ಎದುರಿಗೆ ಕೂತರೆ “ನೀವು ಯಾರ ಪೈಕಿ?” ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಹಾಗಾಗಿ ನಿವೃತ್ತಿಯಾದ ಮೇಲೆ ನನ್ನ ಮರೆವಿಗೆ ನಾನೇ ಕಾವಲು ಕೂತೆ. ವಿದ್ಯಾನಗರದ ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗ್ ಹೋಗುವಾಗ ಮೊದಲ ವರ್ಷ ಪಾಠ ಮಾಡಿದ ತರಗತಿಯ ಹಾಜರಿಯನ್ನು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಹದಿನೇಳರ ಮಗ್ಗಿಯನ್ನು ಕೊನೆಯಿಂದ ಹೇಳುತ್ತಿದ್ದೆ. ಎರಡರಲ್ಲೂ ಪಾಸಾಗುತ್ತಿದ್ದೆ.

ಆದರೂ ಜನರ ಗುರುತು ಹತ್ತುತ್ತಿರಲಿಲ್ಲ. ಎದುರಿಗೆ ಬಂದವರು “ನಮಸ್ಕಾರ ಸಾರ್” ಅಂದರೆ ಕೈ ಮುಗಿಯುತ್ತಿದ್ದೆ. ಅವರು ಇನ್ನೆರಡು ಮಾತಾಡಿದ ಮೇಲೆ ಹೆಸರು ಹೊಳೆಯುತ್ತಿತ್ತು. ಅಪ್ಪನಿಗೂ ಹೀಗೆಯೇ ಶುರುವಾಗಿತ್ತೇ? ನೆನಪಿಲ್ಲ ಎನ್ನುವುದೇ ಇನ್ನಷ್ಟು ಹೆದರಿಸುತ್ತಿತ್ತು.

ಹೊಸಮನೆ ಬಡಾವಣೆಯಲ್ಲಿ ನಮ್ಮ ಮಗಳು ಅನಿತಾಳ ಮನೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಪಕ್ಕದ ಮನೆಯ ನಾಮಕರಣಕ್ಕೆ ನಮ್ಮನ್ನೂ ಕರೆದಿದ್ದರು. ನಾನು ಸ್ವಲ್ಪ ತಡವಾಗಿ ಹೋದೆ. ಬಾಗಿಲಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. “ಅನಿತಾ ಎಲ್ಲಿದಾಳಮ್ಮಾ?” ಎಂದು ಕೇಳಿದೆ.

“ಅಪ್ಪಾ, ಏನು ತಮಾಷೆ ಇದು?” ಎಂದು ನಕ್ಕಳು. ಅವಳೇ ಅನಿತಾ.

ನಾನೂ ನಕ್ಕೆ. ತಮಾಷೆಯೇ ಆಗಿರಲಿ ಎಂದು ಊಟದ ಹೊತ್ತಿನಲ್ಲಿ ಅದನ್ನೇ ಇನ್ನೊಂದು ಸಲ ಮಾಡಿ ತೋರಿಸಿದೆ. ಎಲೆಯಲ್ಲಿ ಏನು ಬಡಿಸಿದರೋ ಗೊತ್ತಾಗಲಿಲ್ಲ. ಮರುದಿನದಿಂದ ವಾಕಿಂಗ್ ಬಿಟ್ಟೆ, ಸಂಜೆ ಗೆಳೆಯರ ಜೊತೆ ಕಾಫಿಗೆ ಹೋಗುವುದನ್ನೂ ಬಿಟ್ಟೆ. ವನಜಾ ಕೇಳಿದರೆ ಮಂಡಿನೋವು ಎಂದೆ.

ಕಪಾಟು ಬಂದದ್ದು ಅದೇ ದಿನಗಳಲ್ಲಿ.

ಅದನ್ನು ಮಾಡಿದವರು ವನಜಾಳ ಅಣ್ಣ ಹಾಲೇಶಪ್ಪ, ನನಗೆ ಭಾವ. ಭದ್ರಾವತಿಯ ಹಳೇನಗರದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ವಯಸ್ಸು ಎಪ್ಪತ್ತಾರು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ, ಎರಕ ಹೊಯ್ಯುವುದಕ್ಕೆ ಮರದ ಅಚ್ಚು ಮಾಡುವ ಕೆಲಸ ಅವರದಾಗಿತ್ತು. ಯಂತ್ರದ ಯಾವ ಭಾಗ ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಬೇಕು, ಅದನ್ನು ಮರಳಿನಲ್ಲಿ ಒತ್ತಬೇಕು, ಆ ಕುಳಿಗೆ ಕಾದ ಕಬ್ಬಿಣ ಹರಿಯಬೇಕು. ಮರದಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಕಬ್ಬಿಣದಲ್ಲಿ ಅದು ಶಾಶ್ವತ. ಭಾವ ಬೇರೆ ಯಾವುದರಲ್ಲೂ ಜಂಬ ಕೊಚ್ಚಿದವರಲ್ಲ. ನೇರ ಎನ್ನುವ ಒಂದು ವಿಷಯದಲ್ಲಿ ಮಾತ್ರ ಅವರೆದುರು ಯಾರೂ ಬಾಯಿ ತೆರೆಯುತ್ತಿರಲಿಲ್ಲ.

ನಾನು ತೆರೆದೆ. ಕಪಾಟು ಬಂದು ವಾರವಾಗಿತ್ತು. ಪುಸ್ತಕ ಹುಡುಕಲು ಮೂರನೆಯ ಹಲಗೆ ನೋಡಿದರೆ ನಡುವೆ ತಗ್ಗಿತ್ತು. ವನಜಾಳನ್ನು ಕರೆದೆ. ಅವಳಿಗೆ ಸರಿಯಾಗಿಯೇ ಕಂಡಿತು. ಅಣ್ಣನ ಪರ ವಹಿಸುತ್ತಿದ್ದಾಳೆ ಎಂದುಕೊಂಡು ಫೋನ್ ಮಾಡಿದೆ.

“ಭಾವ, ಮೂರನೇ ಹಲಗೆ ಬಗ್ಗಿದೆ.”

“ಹಲಸಿನ ಮರ ಮೇಷ್ಟ್ರೇ, ಅರವತ್ತು ವರ್ಷ ಒಣಗಿದ್ದು. ನಮ್ಮಪ್ಪನ ಮಂಚ ಅದು. ಬಗ್ಗಲ್ವಲ್ಲ.”

“ಬಗ್ಗಿದೆ. ಐದನೇದೂ ಬಗ್ಗಿದೆ.”

“ಆಯ್ತು, ನೋಡಾಣ” ಎಂದು ಫೋನ್ ಇಟ್ಟರು.

ಆ ತಿಂಗಳು ಅವರು ಬರಲಿಲ್ಲ. ಅವರ ಮಗನಿಂದ ವನಜಾಳಿಗೆ ವಿಷಯ ತಿಳಿಯಿತು. ಎದುರುಮನೆಯವರಿಗೆ ಬಾಗಿಲು ಮಾಡಿಕೊಡಲು ಒಪ್ಪಿಕೊಂಡಿದ್ದವರು ಆಗುವುದಿಲ್ಲ ಎಂದುಬಿಟ್ಟರಂತೆ. ಉಳಿ, ಕೊಡತಿ, ಗರಗಸಗಳನ್ನು ಎಣ್ಣೆ ಸವರಿ ಹಳೆ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರಂತೆ. “ನನ್ನ ಕಣ್ಣಳತೆ ಹೋಯ್ತು, ನಂಗೇ ಗೊತ್ತಾಗ್ಲಿಲ್ಲ” ಅಂದರಂತೆ. ಇದನ್ನು ಹೇಳುವಾಗ ವನಜಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ಅವಳ ಮುಖದಲ್ಲಿ ಏನಿತ್ತೆಂದು ನನಗೆ ಕಾಣುತ್ತಿರಲಿಲ್ಲ. ಆ ದಿನಗಳಲ್ಲಿ ಅವಳ ಮೂಗು, ಬಾಯಿ ಇರಬೇಕಾದ ಕಡೆ ಒದ್ದೆ ಬೆರಳಲ್ಲಿ ಒರೆಸಿದ ಹಾಗಿರುತ್ತಿತ್ತು. ಕನ್ನಡಕ ಬದಲಾಯಿಸಬೇಕು ಎಂದುಕೊಂಡು ಸುಮ್ಮನಿದ್ದೆ.

ಎರಡನೆಯ ತಿಂಗಳ ಕೊನೆಗೆ ಒಂದು ಭಾನುವಾರ ಬೆಳಗ್ಗೆ ಭಾವ ಬಸ್ಸಿಳಿದು ಬಂದರು. ಹೆಗಲಲ್ಲಿ ಕಾರ್ಖಾನೆಯ ಕಾಲದ ಕ್ಯಾನ್ವಾಸ್ ಚೀಲ. ಕಾಫಿಯನ್ನೂ ಮುಟ್ಟದೆ ಕಪಾಟಿನ ಮುಂದೆ ನಿಂತರು.

“ಯಾವ ಹಲಗೆ, ತೋರಿಸಿ.”

“ಈಗ ಎಲ್ಲವೂ ಭಾವ. ನಡುವೆ ಇಳಿದಿವೆ.”

ಚೀಲದಿಂದ, ಗುಳ್ಳೆಯಿಂದ ಮಟ್ಟ ತೋರಿಸುವ ರಸಮಟ್ಟ ತೆಗೆದು ಹಲಗೆಯ ಮೇಲಿಟ್ಟರು. “ಗುಳ್ಳೆ ಎಲ್ಲೈತೆ?”

ನನಗೆ ಗುಳ್ಳೆಯೇ ಕಾಣಲಿಲ್ಲ. ಅದನ್ನು ಹೇಳದೆ “ನಿಮ್ಮ ರಸಮಟ್ಟ ಹಳೇದು” ಎಂದೆ.

ಬೇರಿಂಗಿನ ಉಕ್ಕಿನ ಗುಂಡೊಂದನ್ನು ಹಲಗೆಯ ಮೇಲೆ ಬಿಟ್ಟರು. ಅದು ಬಿಟ್ಟಲ್ಲೇ ನಿಂತಿತು. “ತಗ್ಗಿದ್ರೆ ಉರುಳ್ಬೇಕಲ್ವಾ?”

“ಮರಕ್ಕೆ ಘರ್ಷಣೆ ಇರುತ್ತೆ.”

“ರೀ,” ಎಂದಳು ವನಜಾ.

ನಾನು ನಿಲ್ಲಿಸಲಿಲ್ಲ. ಒಳಗಿನಿಂದ ನನ್ನ ಸ್ಟೀಲ್ ಸ್ಕೇಲ್ ತಂದು ಅವರ ಚೀಲದಲ್ಲಿದ್ದ ಸ್ಕೇಲಿಗೆ ಜೋಡಿಸಿದೆ. ತುದಿಗಳಿಗೆ ಬೆರಳಾಡಿಸಿದೆ. ಅವರ ಒಂದಡಿ ನನ್ನ ಒಂದಡಿಗಿಂತ ತುಸು ಉದ್ದವಿತ್ತು. ಗೆದ್ದವನ ಹಾಗೆ “ನೋಡಿ, ನಿಮ್ಮ ಅಳತೆಯ ಕಡ್ಡಿಯೇ ತಪ್ಪು” ಎಂದೆ.

ಭಾವ ಆ ಎರಡು ತಿಂಗಳಲ್ಲಿ ನಕ್ಕದ್ದು ಅದೇ ಮೊದಲಿರಬೇಕು. “ಅದು ಎರಕದ ಸ್ಕೇಲು ಮಾರಾಯ್ರೆ. ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ. ಎಷ್ಟು ಕುಗ್ಗುತ್ತೋ ಅಷ್ಟು ಉದ್ದ ಮಾಡೇ ಸ್ಕೇಲ್ ಕೊಡೋದು ನಮ್ಗೆ. ತಪ್ಪಾಗಿದ್ರೇನೇ ಅದು ಸರಿ. ನಿಮ್ಮ ಕಪಾಟಿಗೆ ಮಾಮೂಲಿ ಟೇಪ್ ಹಿಡಿದಿದ್ದೆ, ಹೆದರ್ಬೇಡಿ.”

ಆಮೇಲೆ ಚೀಲದ ತಳದಿಂದ ದಾರದ ಉಂಡೆ ತೆಗೆದರು. ಒಂದು ತುದಿಯನ್ನು ವನಜಾಳ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು, ಹಲಗೆಯ ಅಂಚಿಗೆ ತಾಗುವಂತೆ ಬಿಗಿಯಾಗಿ ಎಳೆದರು. ಬೆರಳಲ್ಲಿ ಮೀಟಿದರೆ ಸದ್ದು ಬರುವಷ್ಟು ಬಿಗಿ.

“ಈಗ ಹೇಳಿ. ಹಲಗೆ ದಾರಕ್ಕೆ ಕೂತೈತೋ ಇಲ್ವೋ?”

“ಕೂತಿದೆ.”

“ಮತ್ತೆ?”

“ದಾರವೂ ಬಗ್ಗಿದೆ ಭಾವ.”

ವನಜಾ ದಾರ ಬಿಡಲಿಲ್ಲ. ನಾನು ಹೇಳಿದ್ದು ನನಗೇ ಆಮೇಲೆ ಕೇಳಿಸಿತು. ಮೂವತ್ತೆರಡು ವರ್ಷ ಪಾಠ ಹೇಳಿದವನು, ಎರಡು ಕಡೆ ಎಳೆದು ಹಿಡಿದ ದಾರ ನಡುವೆ ಜೋತಿದೆ ಎನ್ನುತ್ತಿದ್ದೆ.

“ಎಳೆದ ದಾರ ಬಗ್ಗಲ್ಲ ಮೇಷ್ಟ್ರೇ,” ಎಂದರು ಭಾವ, ಬಹಳ ಮೆತ್ತಗೆ. “ಒಂದು ಕಣ್ಣು ಮುಚ್ಚಿ. ನಮ್ಮ ಶಾಪಲ್ಲಿ ನೇರ ನೋಡೋದು ಯಾವಾಗ್ಲೂ ಒಂದೇ ಕಣ್ಣಲ್ಲಿ.”

ಎಡಗಣ್ಣು ಮುಚ್ಚಿದೆ. ದಾರ ಸ್ವಲ್ಪ ಮಸುಕು, ಆದರೆ ನೇರ. ಬಲಗಣ್ಣು ಮುಚ್ಚಿದೆ. ದಾರ ನಡುವೆ ಹಾವಿನಂತೆ ಬಳುಕಿತು. ಅದರಲ್ಲೊಂದು ತುಂಡೇ ಇರಲಿಲ್ಲ. ಕಣ್ಣನ್ನು ಎಡಕ್ಕೆ ಹೊರಳಿಸಿದರೆ ತಗ್ಗೂ ಎಡಕ್ಕೆ ಬಂತು, ಬಲಕ್ಕೆ ಹೊರಳಿಸಿದರೆ ಬಲಕ್ಕೆ. ಕಪಾಟಿನಲ್ಲೂ ಹಾಗೆಯೇ ಆಗುತ್ತಿತ್ತು: ನಾನು ನೋಡಿದ ಹಲಗೆಯೇ ಬಗ್ಗುತ್ತಿತ್ತು. ವಿದ್ಯಾರ್ಥಿಯೊಬ್ಬ ಇಂಥ ಅಳತೆಗಳನ್ನು ತಂದಿದ್ದರೆ, ಇವೆಲ್ಲದರಲ್ಲೂ ಸಮಾನವಾಗಿ ಇರುವುದು ಏನಪ್ಪಾ ಎಂದು ಕೇಳುತ್ತಿದ್ದೆ. ನಾನು ನನ್ನನ್ನು ಕೇಳಿಕೊಂಡಿರಲಿಲ್ಲ.

ಭಾವ ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟರು. “ಹಂಗಾದ್ರೆ ನನ್ನ ಕೈ ಸರಿ ಐತೆ.”

“ಅಣ್ಣಾ, ಅವರ ಕಣ್ಣು ಹೋಗ್ತಿದೆ, ನಿಂಗೆ ಕೈ ಚಿಂತೆ,” ಎಂದು ವನಜಾ ರೇಗಿದಳು.

“ಬಾಯಿ ತಪ್ಪಿ ಬಂತು ಮಾರಾಯ್ತಿ,” ಎಂದು ಅವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು ಎಂದು ನನ್ನ ನೆನಪು. ನೀರಿದ್ದದ್ದು ನನ್ನ ಕಣ್ಣಲ್ಲಿ ಎಂದು ವನಜಾ ಹೇಳುತ್ತಾಳೆ.

ಆಸ್ಪತ್ರೆಗೆ ರೆಟಿನಾ ಡಾಕ್ಟರು ಬರುವುದು ಮಂಗಳವಾರ ಮತ್ತು ಶುಕ್ರವಾರ. ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸುತ್ತಾರೆ. ಕಾಲು ಗಂಟೆಗೊಮ್ಮೆ ಮತ್ತೆ ಹನಿ. ಬೆಂಚಿನ ಉದ್ದಕ್ಕೂ ಎಲ್ಲರೂ ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಮಂಗಳಾರತಿಗೆ ಕಾದವರ ಹಾಗೆ ಕೂತಿರುತ್ತಾರೆ. ಅಲ್ಲಿ ಗುರುತು ಹತ್ತಲಿಲ್ಲವೆಂದು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ ಕಣ್ಣು ತೆರೆಯದೆಯೇ ಮಾತಿಗೆ ಎಳೆದರು.

“ಯಾವ ಕಣ್ಣು?”

“ಎಡ.”

“ನಂದು ಬಲ. ಇಬ್ರುನ್ನೂ ಸೇರ್ಸಿದ್ರೆ ಒಬ್ರಿಗೆ ಸರಿಹೋಯ್ತದೆ.”

“ಇದಕ್ಕೆ ಇಂಜೆಕ್ಷನ್ ಅಂತೆ, ಆಚೆ ಕೂತವರು ಹೇಳಿದ್ರು. ಕಣ್ಣೊಳಗೇ.”

“ನಂದು ಇದು ಐದ್ನೇದು ಕಣಪ್ಪ. ಮರಗಟ್ಟೋ ಹನಿ ಬಿಡ್ತಾರೆ. ಒತ್ತಿದಂಗಾಯ್ತದೆ, ಅಷ್ಟೇ. ಹೆದ್ರಿಕೆಗೆ ಮಾತ್ರ ಹನಿ ಇಲ್ಲ.”

ಆ ಅಜ್ಜಿಯನ್ನು ಮತ್ತೆ ಕಂಡಿದ್ದರೂ ನನಗೆ ತಿಳಿಯುವಂತಿರಲಿಲ್ಲ. ಆ ಬೆಳಗ್ಗೆ ಅವರು ಮಾಡಿದ ಉಪಕಾರ ದೊಡ್ಡದು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನ್ ತೋರಿಸಿ, ಎಡಗಣ್ಣಿನ ನಡುವೆ ನೀರು, ರಕ್ತ ಜಿನುಗಿದೆ ಎಂದರು. ಬಲಗಣ್ಣಿನಲ್ಲಿ ಪೊರೆ ಇದೆ, ಅದನ್ನು ಆಪರೇಷನ್ ಮಾಡಿ ತೆಗೆಯಬಹುದು. ಅದರ ಹಿಂದೆ ಇದೇ ಕಾಯಿಲೆಯ ಒಣ ಬಗೆ ಶುರುವಾಗಿದೆ, ಇನ್ನೂ ಜಿನುಗಿಲ್ಲ ಎಂದರು. “ಎಡಗಣ್ಣಲ್ಲಿ ಹೋಗಿರೋದು ಪೂರ್ತಿ ವಾಪಸ್ ಬರಲ್ಲ ಸಾರ್. ಬಲಗಣ್ಣನ್ನ ನಾವು ಕಾಯ್ಬೇಕು. ಅದರಲ್ಲಿ ಜಿನುಗೋಕೆ ಶುರುವಾದ್ರೆ ಕೆಲವೇ ದಿನದಲ್ಲಿ ನನ್ನ ಹತ್ರ ಬರ್ಬೇಕು. ಎರಡು ತಿಂಗಳು ಬಿಟ್ಟಲ್ಲ.”

ವನಜಾ ಹನಿಯ ಚೀಟಿ ತರಲು ಹೊರಗೆ ಹೋದಾಗ ನಾನು ಕುರ್ಚಿ ಮುಂದಕ್ಕೆ ಎಳೆದೆ. ಅಪ್ಪನ ವಿಷಯ ಹೇಳಿದೆ. ಹಸಿರು ಸೀರೆಯ ವಿಷಯ ಹೇಳಿದೆ.

“ಮಗಳು ಮಾತಾಡಿದ ತಕ್ಷಣ ಗೊತ್ತಾಯ್ತಾ?”

“ಆಯ್ತು.”

“ಬೇರೆಯವರೂ? ಧ್ವನಿ ಕೇಳಿದ ಮೇಲೆ?”

“ಎಲ್ಲರೂ.”

“ಹಾಗಿದ್ರೆ ಮುಖ ಮರೆತಿಲ್ಲ ಸಾರ್. ಮುಖ ಕಂಡೇ ಇಲ್ಲ. ಕಾಣದೇ ಇರೋದನ್ನ ನೆನಪಿಟ್ಕೊಳ್ಳೋದು ಹೇಗೆ?”

ಹೊರಗೆ ಬಂದಾಗ ನಾನು ನಗುತ್ತಿದ್ದೆನಂತೆ. ಕಣ್ಣು ಹೋಗಿದೆ ಅನ್ನಿಸಿಕೊಂಡು ನಗುತ್ತಾ ಬಂದ ಗಂಡನನ್ನು ನೋಡಿ ವನಜಾ ಹೆದರಿದಳು. ಆಗಲೇ, ಆ ಬೆಂಚಿನ ಮೇಲೆಯೇ, ಮಂಡಿನೋವಿನ ಸುಳ್ಳನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. “ನಿಮ್ಮಪ್ಪನ್ನ ನೋಡ್ಕೊಂಡೋಳು ನಾನು,” ಎಂದಳು. “ನೀವು ಮರೆತ್ರೂ ನೋಡ್ಕೊಳ್ತಿದ್ದೆ. ಅದಕ್ಯಾಕೆ ಒಬ್ರೇ ಹೆದರ್ಕೊಂಡಿದ್ರಿ?”

ಇಂಜೆಕ್ಷನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಖಕ್ಕೆ ಬಟ್ಟೆ ಹೊದಿಸಿ ಒಂದು ಕಣ್ಣಿಗೆ ಮಾತ್ರ ಕಿಂಡಿ ಬಿಡುತ್ತಾರೆ. ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕುತ್ತಾರೆ. ಮೇಲೆ ನೋಡಿ ಎನ್ನುತ್ತಾರೆ. ಆ ಹೊತ್ತಿಗೆ ಒಬ್ಬ ನರ್ಸ್ ಬಟ್ಟೆಯ ಕೆಳಗಿನಿಂದ ನನ್ನ ಕೈ ಹುಡುಕಿ ಹಿಡಿದಳು. ಅವಳ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಹೆಬ್ಬೆರಳಿನ ಬುಡ ಪಾತ್ರೆ ತಿಕ್ಕಿದವರ ಹಾಗೆ ಒರಟಾಗಿತ್ತು. ಅಜ್ಜಿ ಹೇಳಿದಂತೆಯೇ ಆಯಿತು: ಒತ್ತಿದಂತೆ, ಅಷ್ಟೇ. ಮನೆಗೆ ಬಂದ ಮೇಲೆ ಕಣ್ಣೊಳಗೆ ಕರಿ ಗುಳ್ಳೆಯೊಂದು ತೇಲಾಡಿತು. ಅದು ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಎರಡು ದಿನದಲ್ಲಿ ಹೋಯಿತು. ತಿಂಗಳಿಗೊಂದರಂತೆ ಮೂರು ಆದವು. ನೀರು ಆರಿತು, ಕಲೆ ಉಳಿಯಿತು. ಎಡಗಣ್ಣಿನ ನಡುವೆ ಇವತ್ತಿಗೂ ಒಂದು ಬೂದು ಮಚ್ಚೆ ಇದೆ. ಬಲಗಣ್ಣಿನ ಪೊರೆ ತೆಗೆಸಿದೆ. ಓದುವುದು, ಬರೆಯುವುದು, ಮನೆಯವರ ಮುಖ ನೋಡುವುದು, ಎಲ್ಲವೂ ಆ ಒಂದು ಕಣ್ಣಿನ ಮೇಲೆ ನಿಂತಿತು.

ಅದನ್ನು ಕಾಯುವುದಕ್ಕೆ ಡಾಕ್ಟರು ಒಂದು ಹಾಳೆ ಕೊಟ್ಟರು. ಚೌಕಚೌಕ ಗೆರೆ, ನಡುವೆ ಚುಕ್ಕೆ. ದಿನಾ ಬೆಳಗ್ಗೆ ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಚುಕ್ಕೆ ನೋಡಬೇಕು. ಗೆರೆ ಬಗ್ಗಿದರೆ, ಮಾಯವಾದರೆ ಫೋನ್ ಮಾಡಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಆ ಹಾಳೆಯ ಮೇಲೆ ನನಗೆ ನಂಬಿಕೆ ಹೋಯಿತು. ಗೆರೆಗಳು ನೇರ ಎಂದು ನನಗೆ ಮೊದಲೇ ಗೊತ್ತು. ಅವು ನೇರವಾಗಿಯೇ ಇರಲಿ ಎಂದು ಆಸೆ ಬೇರೆ. ನೋಡುವ ಮುಂಚೆಯೇ “ಸರಿ ಇದೆ” ಎಂದು ಬಾಯಿಗೆ ಬರುತ್ತಿತ್ತು. ನಾನು ಕಂಡದ್ದನ್ನು ಹೇಳುತ್ತಿದ್ದೇನೋ, ನಿನ್ನೆ ಹೇಳಿದ್ದನ್ನು ನೆನಪಿನಿಂದ ಹೇಳುತ್ತಿದ್ದೇನೋ? ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆ ಪರೀಕ್ಷೆಯಲ್ಲ.

ಇದನ್ನು ಹೇಳಿಕೊಂಡಾಗ ಭಾವ ತಲೆಯಾಡಿಸಿದರು. ಅಟ್ಟದ ಮೇಲಿನ ಪಂಚೆಯ ಗಂಟು ಅಷ್ಟರಲ್ಲಿ ಕೆಳಗಿಳಿದಿತ್ತು. ಮುಂದಿನ ವಾರ ಬರುವಾಗ ಸ್ಲೇಟಿನಷ್ಟು ದೊಡ್ಡ ಮರದ ಚೌಕಟ್ಟೊಂದನ್ನು ತಂದರು. ಅಂಚಿನಲ್ಲಿ ಸಾಲಾಗಿ ಕಚ್ಚು ಕೊರೆದಿದ್ದರು. ಕಚ್ಚಿನಿಂದ ಕಚ್ಚಿಗೆ ಅಡ್ಡ ಒಂಬತ್ತು, ಉದ್ದ ಒಂಬತ್ತು ಕಪ್ಪು ದಾರಗಳನ್ನು ಬಿಗಿದಿದ್ದರು. ನಟ್ಟನಡುವೆ ಪೋಣಿಸಲು ವನಜಾಳ ಹತ್ತಿರ ಒಂದು ಕರಿಮಣಿ ಕೇಳಿ ಪಡೆದರು.

“ಪ್ರತಿ ಎರಡು ಕಚ್ಚಿನ ಮಧ್ಯೆ ಇನ್ನೊಂದು ಖಾಲಿ ಕಚ್ಚು ಬಿಟ್ಟಿದೀನಿ, ನೋಡು ವನಜಿ. ಬೆಳಗ್ಗೆ ಅವ್ರಿಗೆ ತೋರ್ಸೋ ಮುಂಚೆ ನೀನು ಒಂದು ದಾರದ ತುದಿನ ಅಲ್ಲಿಗೆ ಸರಿಸ್ಬಹುದು, ಸರಿಸ್ದೇನೂ ಇರ್ಬಹುದು. ಮೇಷ್ಟ್ರು ಹೇಳ್ಲಿ. ನೀನು ಸರಿಸಿದ್ದನ್ನ ಹಿಡಿದ್ರೆ ಕಣ್ಣು ಸರಿ ಐತೆ. ನೀನು ಸರಿಸ್ದೇ ಇರೋದು ಅವ್ರಿಗೆ ಸೊಟ್ಟ ಕಂಡ್ರೆ, ಓಡಿ.”

ಮೂವತ್ತೆರಡು ವರ್ಷದಲ್ಲಿ ನಮ್ಮ ಪ್ರಯೋಗಾಲಯಕ್ಕೆ ಇಷ್ಟು ಪ್ರಾಮಾಣಿಕವಾದ ಉಪಕರಣ ಬಂದಿರಲಿಲ್ಲ. ಬೆಳಗಿನ ಕಾಫಿಯ ಜೊತೆ ಅದು ನಮ್ಮ ಆಟವಾಯಿತು. ಬಿಳಿ ಗೋಡೆಯ ಮುಂದೆ ವನಜಾ ಚೌಕಟ್ಟು ಹಿಡಿಯುತ್ತಿದ್ದಳು. ನಾನು ಎಡಗಣ್ಣು ಮುಚ್ಚಿ ಕರಿಮಣಿ ನೋಡಿ “ಬಲದಿಂದ ಎರಡನೇದು” ಎಂದೋ “ಎಲ್ಲ ನೇರ” ಎಂದೋ ಹೇಳುತ್ತಿದ್ದೆ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ನಾನು ಸರಿಯಾಗಿ ಹೇಳಿದಷ್ಟೂ ಅವಳು ಜಾಣತನ ಮಾಡುತ್ತಿದ್ದಳು. ನಾಲ್ಕು ದಿನ ಏನೂ ಸರಿಸದೆ ಇದ್ದು ಐದನೆಯ ದಿನ ಮೂಲೆಯ ದಾರ ಸರಿಸುತ್ತಿದ್ದಳು.

ಉಳಿದದ್ದೂ ಹೀಗೆಯೇ ಹೊಂದಿಕೊಂಡಿತು. ಮೊಸರನ್ನಕ್ಕೆ ಗಾಢ ಬಣ್ಣದ ತಟ್ಟೆಯೊಂದು ಬಂತು, ಬಿಳಿಯ ಮೇಲೆ ಬಿಳಿ ಕಾಣದೆ ಕೈ ತಡಕಾಡಬಾರದೆಂದು. ಮೆಟ್ಟಿಲಂಚಿಗೆ ಹಳದಿ ಪಟ್ಟಿ ಬಂತು. ಮತ್ತೆ ವಾಕಿಂಗ್ ಹೊರಟೆ. ಕಣ್ಣು ಹೀಗಿದೆ, ಹೆಸರು ಹೇಳಿ ಮಾತಾಡಿಸಿ ಎಂದು ಸಿಕ್ಕವರಿಗೆಲ್ಲ ಹೇಳಿದೆ. ನಾಚಿಕೆಯಾದದ್ದು ಮೂರು ದಿನ. ಆಮೇಲೆ ಒಂದು ಬೆಳಗ್ಗೆ ಯಾರೋ ಸ್ಕೂಟರ್ ನಿಲ್ಲಿಸಿ “ಸಾರ್, ರೋಲ್ ನಂಬರ್ ಇಪ್ಪತ್ತೆರಡು” ಎಂದರು. ನಾನು ಹೆಸರು ಹೇಳಿದೆ. ಆತ “ಪ್ರೆಸೆಂಟ್ ಸಾರ್” ಎಂದ. ಮನಸ್ಸಿನಲ್ಲೇ ಹಾಜರಿ ಕರೆದದ್ದು ದಂಡವಾಗಲಿಲ್ಲ.

ಹೀಗೆ ಹತ್ತು ತಿಂಗಳಾದ ಮೇಲೆ ಒಂದು ಬುಧವಾರ ಬಂತು.

ವನಜಾ ಚೌಕಟ್ಟು ಹಿಡಿದಿದ್ದಳು. ಕಾಫಿ ಇನ್ನೂ ಬಿಸಿಯಿತ್ತು. ಎಡಗಣ್ಣು ಮುಚ್ಚಿ ಕರಿಮಣಿ ನೋಡಿದೆ. “ಎಡದಿಂದ ನಾಲ್ಕನೇದು,” ಎಂದೆ. “ಮಣಿಯ ಹತ್ತಿರ ಸೊಟ್ಟ.”

“ಹೌದು,” ಎಂದಳು. “ನಾನೇ ಸರಿಸಿದ್ದೆ.”

ಹೇಳುವ ಮುಂಚೆ ಅವಳು ಒಂದು ಗಳಿಗೆ ತಡೆದಳು ಎಂದು ನನ್ನ ನೆನಪು. ತಡೆಯಲೇ ಇಲ್ಲ, ತಟ್ಟನೆ ಹೇಳಿದೆ ಎಂದು ಅವಳ ವಾದ. ಅವಳು ಚೌಕಟ್ಟನ್ನು ಗೋಡೆಗೆ ನೇತುಹಾಕಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಗ್ಗರಣೆಗೆ ಹೊತ್ತಾಯಿತು ಎಂದು ಒಳಗೆ ಹೋದಳು. ನಾನು ಕಾಫಿ ಕುಡಿದೆ. ಕೊನೆಯ ಗುಟುಕಿನವರೆಗೂ ಚೆನ್ನಾಗಿತ್ತು.

ಲೋಟ ಕೆಳಗಿಟ್ಟಾಗ ಏನೋ ಕೊರೆಯಿತು. ಖಾಲಿ ಕಚ್ಚಿಗೆ ಸರಿಸಿದ ದಾರ ತುದಿಯಿಂದಲೇ ಓರೆಯಾಗಬೇಕು. ನಾನು ಕಂಡದ್ದು ನಡುವೆ ಮಾತ್ರ ಸೊಟ್ಟ. ಎದ್ದು ಹೋಗಿ ಚೌಕಟ್ಟಿನ ಅಂಚಿಗೆ ಬೆರಳಿಟ್ಟೆ. ಮೊದಲನೆಯ ಕಚ್ಚಿನಲ್ಲಿ ದಾರ. ಎರಡನೆಯದು ಖಾಲಿ. ದಾರ, ಖಾಲಿ, ದಾರ, ಖಾಲಿ. ನಾಲ್ಕನೆಯ ದಾರ ತನ್ನ ಜಾಗದಲ್ಲೇ ಇತ್ತು. ಮೇಲೆಯೂ, ಕೆಳಗೂ. ಹದಿನೆಂಟು ದಾರಗಳಲ್ಲಿ ಒಂದೂ ಅಲುಗಿರಲಿಲ್ಲ.

ಅಡುಗೆಮನೆಗೆ ಹೋದೆ. ಒಲೆ ಹಚ್ಚಿರಲಿಲ್ಲ. ವನಜಾ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದಳು. “ಅಣ್ಣಾ, ಈಗ್ಲೇ ಹೊರಡು. ಅನಿತಂಗೆ ಹೇಳಿದೀನಿ, ರಜಾ ಹಾಕಿ ಕಾರ್ ತರ್ತಾಳೆ. ಡಾಕ್ಟ್ರೂ ಫೋನ್ ತಗೊಂಡ್ರು. ಶುಕ್ರವಾರದ ತನಕ ಕಾಯೋದು ಬೇಡ, ಇವತ್ತೇ ಸ್ಕ್ಯಾನ್ ಮಾಡಿಸಿ ಅಂದ್ರು. ಇಲ್ಲ, ಇವ್ರಿಗಿನ್ನೂ ಹೇಳಿಲ್ಲ.”

“ವನಜಾ,” ಎಂದೆ. “ದಾರ ಎಲ್ಲ ಜಾಗದಲ್ಲೇ ಇದೆ.”

ಅವಳು ತಿರುಗಿದಳು. ಬಲಗಣ್ಣಿನ ಪುಣ್ಯ, ಆ ಮುಖ ನನಗೆ ಪೂರ್ತಿ ಕಂಡಿತು. ಅದನ್ನು ವರ್ಣಿಸಲಾರೆ, ವರ್ಣಿಸಿದರೆ ಶುದ್ಧಪ್ರತಿ ಮಾಡುವವಳು ಆ ಸಾಲನ್ನೇ ಬಿಟ್ಟುಬಿಡುತ್ತಾಳೆ.

“ಕಾಫಿ ಮುಗೀಲಿ ಅಂತ,” ಎಂದಳು. “ಅದೊಂದು ಲೋಟ ನೆಮ್ಮದಿಯಾಗಿ ಕುಡೀಲಿ ಅಂತ ಅಷ್ಟೇ ರೀ.”

ಕೋಪಿಸಿಕೊಳ್ಳಬೇಕೆಂದು ನೋಡಿದೆ, ಆಗಲಿಲ್ಲ. ಪರೀಕ್ಷೆಯಲ್ಲಿ ಒಂದು ಸುಳ್ಳು ಸೇರಿತ್ತು, ನಿಜ. ಆದರೆ ಆ ಸುಳ್ಳಿನ ಆಯುಷ್ಯ ಒಂದು ಲೋಟ ಕಾಫಿಯಷ್ಟು. ಅಷ್ಟರೊಳಗೆ ಅವಳು ಮೂರು ಫೋನ್ ಮಾಡಿ ಮುಗಿಸಿದ್ದಳು. ಹಲಗೆ ಬಗ್ಗಿದೆ ಎಂದು ವಾದಿಸಿದ ನನ್ನ ಸತ್ಯಪ್ರೀತಿ ಎಡಗಣ್ಣಿನ ಚಿಕಿತ್ಸೆಯನ್ನು ಎರಡು ತಿಂಗಳು ತಡಮಾಡಿತ್ತು.

ಕಾರಿನ ಹಿಂದಿನ ಸೀಟಿನಲ್ಲಿ ಅವಳು ನನ್ನ ಕೈ ಹಿಡಿದು ಕೂತಳು. ಅನಿತಾ ಗಾಡಿ ಓಡಿಸುತ್ತಾ “ಅಪ್ಪಾ, ನಾನು ಯಾರು ಹೇಳಿ ನೋಡೋಣ,” ಎಂದಳು.

“ಹಸಿರು ಸೀರೆ,” ಎಂದೆ.

ಸ್ಕ್ಯಾನಿನಲ್ಲಿ ಸಾಸಿವೆಯಷ್ಟು ನೀರು ಕಂಡಿತು. ಶುಕ್ರವಾರ ಬಲಗಣ್ಣಿಗೆ ಮೊದಲ ಇಂಜೆಕ್ಷನ್. ಭಾವ ಬೆಂಚಿನ ಮೇಲೆ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡಾಕ್ಟರಿಗೆ ತೋರಿಸಬೇಕೆಂದು ತಂದಿದ್ದರು. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಈ ಸಲ ಬೇಗ ಸಿಕ್ಕಿದೆ,” ಎಂದರು. “ಈ ಕಣ್ಣು ಉಳಿಸ್ಕೊಳ್ಳೋಣ.”

ಉಳಿಯಿತು. ಎಷ್ಟು ದಿನಕ್ಕೆ ಎಂದು ಯಾರೂ ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಈಗ ಎರಡು ತಿಂಗಳಿಗೊಮ್ಮೆ ಇಂಜೆಕ್ಷನ್. ಪತ್ರಿಕೆಯ ತಲೆಬರಹ ಬರಿಗಣ್ಣಿಗೆ, ಒಳಗಿನದು ಭೂತಗನ್ನಡಿಗೆ. ಬೆಂಚಿನ ಮೇಲೆ ಹೊಸಬರು ಯಾರಾದರೂ ಹೆದರಿ ಕೂತಿದ್ದರೆ, ಯಾವ ಕಣ್ಣು ಎಂದು ಕೇಳುವವನು ಈಗ ನಾನು.

ಮೊನ್ನೆ ಭಾವ ಬಂದಾಗ ಕಪಾಟಿನ ಮುಂದೆ ನಿಂತು “ಹೆಂಗೈತೆ ಮೇಷ್ಟ್ರೇ?” ಎಂದರು.

“ಬಲಗಣ್ಣಿಗೆ ನೇರ. ಎಡಗಣ್ಣಿಗೆ ಇನ್ನೂ ಸೊಟ್ಟ.”

“ಎಷ್ಟು ಸೊಟ್ಟ ಅಂತ ಅಳತೆ ಕೊಡಿ. ಅಷ್ಟು ಮೇಲಕ್ಕೆ ಬಗ್ಸಿ ಇನ್ನೊಂದು ಮಾಡ್ಕೊಡ್ತೀನಿ. ಎಡಗಣ್ಣು ಅದ್ರಲ್ಲಿ ಓದ್ಕೊಳ್ಲಿ.”

ಇವತ್ತು ಬೆಳಗ್ಗೆ ವನಜಾ ಎಂದಿನಂತೆ ಚೌಕಟ್ಟು ಹಿಡಿದಳು. ಎಡಗಣ್ಣು ಮುಚ್ಚಿದೆ, ಕರಿಮಣಿ ನೋಡಿದೆ. “ಬಲದಿಂದ ಮೂರನೇದು.”

“ಹೌದು. ನಾನೇ ಸರಿಸಿದ್ದು.”

ನಾನು ಕಾಫಿಯನ್ನು ಎತ್ತಿಕೊಳ್ಳಲಿಲ್ಲ. ಅವಳು ಚೌಕಟ್ಟನ್ನು ಹತ್ತಿರ ತಂದಳು. ನನ್ನ ಬೆರಳು ಹಿಡಿದು, ಅಂಚಿನ ಮೇಲೆ ಒಂದೊಂದೇ ಕಚ್ಚು ದಾಟಿಸುತ್ತಾ, ಮೂರನೆಯ ದಾರದ ತುದಿ ಸರಿದು ಕೂತಿದ್ದ ಕಚ್ಚಿನ ಮೇಲೆ ಇಟ್ಟಳು.

“ಈಗ ಕುಡೀರಿ,” ಎಂದಳು.